ಗೋಡೆಯಿಲ್ಲದ ಮಾಡಿಗೂ ಗಾಳಿಯ ಲೆಕ್ಕ ಬೇಕು

'ಗಾಳಿ ಬಂದಾಗ ತೂರಿಕೋ' ಎಂಬ ಗಾದೆಯನ್ನು ಕಟ್ಟಿದವನು ಕಣದಲ್ಲಿ ರಾಶಿ ಮಾಡುತ್ತಿದ್ದ ಒಕ್ಕಲಿಗನೇ ಇರಬೇಕು. ಹೊಟ್ಟನ್ನು ಹಾರಿಸಿ ಕಾಳನ್ನು ಉಳಿಸಿಕೊಡುವ ಗಾಳಿ ಅವನಿಗೆ ಕೂಲಿ ಕೇಳದ ಆಳು. ಆದರೆ ಅದೇ ಗಾಳಿ ಎಪ್ರಿಲ್, ಮೇ ತಿಂಗಳ ಒಂದು ಸಂಜೆ ಗುಡುಗಿನೊಡನೆ ನುಗ್ಗಿ ಬಂದರೆ ಹೊಟ್ಟಿನ ಜೊತೆಗೆ ಕಣದ ಬದಿಯ ತಗಡಿನ ಮಾಡನ್ನೂ ಎತ್ತಿಕೊಂಡು ಹೋಗುತ್ತದೆ. ಮರುದಿನ ನಾವು ಪತ್ರಿಕೆಯಲ್ಲಿ 'ಬಿರುಗಾಳಿಗೆ ಹಾರಿದ ತಗಡು' ಎಂದು ನಾಲ್ಕು ಸಾಲು ಅಚ್ಚು ಮಾಡುತ್ತೇವೆ. ತಗಡು ಏಕೆ ಹಾರಿತು, ಹಾರದಂತೆ ಕಟ್ಟಬಹುದಿತ್ತೇ ಎಂಬ ಪ್ರಶ್ನೆ ಆ ನಾಲ್ಕು ಸಾಲಿನಲ್ಲಿ ಬರುವುದಿಲ್ಲ. ಇಂದು ಆ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ ಎನಿಸಿತು.

ಅದಕ್ಕಾಗಿ ಓದುಗರನ್ನು ಸ್ವಲ್ಪ ದೂರದ ಊರಿಗೆ ಕರೆದೊಯ್ಯಬೇಕಾಗಿದೆ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ವಳಸಂಗ ಎಂಬ ಹಳ್ಳಿಯಿದೆ. ಜತ್ತ ತಾಲೂಕಿನ ಒಂದು ಮಗ್ಗುಲಿಗೆ ನಮ್ಮ ಅಥಣಿ, ಇನ್ನೊಂದು ಮಗ್ಗುಲಿಗೆ ವಿಜಯಪುರ ಜಿಲ್ಲೆ. ಅಲ್ಲಿಯ ಅನೇಕ ಮನೆಗಳಲ್ಲಿ ಕನ್ನಡವೇ ಮಾತು. ಕನ್ನಡ ಶಾಲೆಗಳೂ ಇವೆ. ಕಚೇರಿಯ ಕಾಗದ ಮಾತ್ರ ಮರಾಠಿ. ಕಾಸರಗೋಡಿನವರಿಗೆ ಈ ಪರಿಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. 1967ರ ಮಹಾಜನ ಆಯೋಗದ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ನಮ್ಮ ನೆಲದ ಹೆಸರು ಬಂದಂತೆಯೇ ಜತ್ತದ ಹಳ್ಳಿಗಳ ಹೆಸರೂ ಬಂದಿತ್ತು. 2022ರ ಕೊನೆಯಲ್ಲಿ ಗಡಿಯ ಮಾತು ಮತ್ತೆ ಎದ್ದಾಗಲೂ ಜತ್ತ ಸುದ್ದಿಯಾಯಿತು. ಗಡಿಯ ಗಲಾಟೆ ಎದ್ದಾಗ ಮಾತ್ರ ನೆನಪಾಗುವ ಊರುಗಳು ಇವು. ಉಳಿದ ದಿನಗಳಲ್ಲಿ ಆ ಮನೆಮಂದಿಯ ಚಿಂತೆ ನೀರಿನದು, ಬೆಳೆಯದು, ಮಾಡಿನದು.

ಜತ್ತ ಮಳೆ ಕಡಿಮೆಯ ಬಯಲುಸೀಮೆ. ಗಾಳಿಗೆ ಮಾತ್ರ ಅಲ್ಲಿ ಕೊರತೆಯಿಲ್ಲ. ವಿದ್ಯುತ್ತು ತೆಗೆಯುವ ಗಾಳಿಯಂತ್ರಗಳನ್ನು ಆ ತಾಲೂಕಿನಲ್ಲಿ ನಿಲ್ಲಿಸಿರುವುದೇ ಇದಕ್ಕೆ ಸಾಕ್ಷಿ. ಸಾಂಗಲಿ, ವಿಜಯಪುರದ ಕಡೆ ದ್ರಾಕ್ಷಿ ಬೆಳೆದವರು ಹಣ್ಣನ್ನು ಒಣಗಿಸಿ ಮಾರುವುದು ದೊಡ್ಡ ಕಸುಬು. ಬೇಸಗೆಯ ಮೊದಲಲ್ಲಿ ಗೊಂಚಲು ಕೊಯ್ದು, ಪೊಟಾಸಿಯಂ ಕಾರ್ಬೊನೇಟು ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಒಂದರ ಮೇಲೊಂದು ಕಟ್ಟಿದ ಬಲೆಯ ಅಟ್ಟಗಳ ಮೇಲೆ ಹರಡುತ್ತಾರೆ. ಮೇಲೆ ಮಾಡು, ಸುತ್ತ ಗೋಡೆಯಿಲ್ಲ. ಗಾಳಿ ಆಡಬೇಕು, ಬಿಸಿಲು ನೇರ ಬೀಳಬಾರದು, ಅದಕ್ಕಾಗಿ ಬದಿಗೆ ನೆರಳಿನ ಪರದೆ. ಸುಮಾರು ಎರಡು ವಾರದಲ್ಲಿ ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಒಣದ್ರಾಕ್ಷಿಯಾಗುತ್ತದೆ. ವರ್ಷದ ದುಡಿಮೆಯೆಲ್ಲ ಆ ಎರಡು ವಾರ ಒಂದು ಗೋಡೆಯಿಲ್ಲದ ಮಾಡಿನ ಕೆಳಗೆ ಇರುತ್ತದೆ.

ಗೋಡೆಯಿಲ್ಲದಿದ್ದರೆ ಭಯವಿಲ್ಲವೇ?

'ಸುತ್ತ ತೆರೆದೇ ಇದೆಯಲ್ಲ, ಗಾಳಿ ಈ ಕಡೆಯಿಂದ ಬಂದು ಆ ಕಡೆಗೆ ಹೋಗುತ್ತದೆ, ಅದಕ್ಕೇನು ಲೆಕ್ಕ?' ಎಂದು ಹೇಳುವವರನ್ನು ನಾವು ಕೇಳಿದ್ದೇವೆ. ಅಲ್ಲಿಯೂ ಕೇಳಬಹುದು, ಇಲ್ಲಿಯೂ ಕೇಳಬಹುದು. ಅರ್ಧ ನಿಜ. ಗೋಡೆಗೆ ಬೀಳುವ ಅಡ್ಡಪೆಟ್ಟು ಇಲ್ಲಿ ಇಲ್ಲ. ಆದರೆ ಮಳೆಗಾಲದಲ್ಲಿ ಕೊಡೆ ಹಿಡಿದು ಗದ್ದೆಬದಿಯಲ್ಲಿ ನಡೆದವರಿಗೆಲ್ಲ ಉಳಿದರ್ಧ ತಿಳಿದಿದೆ. ಕೊಡೆಗೂ ಗೋಡೆಯಿಲ್ಲ, ಆದರೂ ಅದು ಕೈಯಿಂದ ಮೇಲಕ್ಕೆ ಎಳೆಯುತ್ತದೆ, ಮಗುಚುತ್ತದೆ.

ಕಾರಣ ಇಷ್ಟೇ. ಗಾಳಿ ಮಾಡಿನ ಅಂಚಿಗೆ ತಾಗಿ ಮೇಲೆ ಹಾಯುವಾಗ ಮಾಡಿನ ಬೆನ್ನಿನ ಮೇಲೆ ಒತ್ತಡ ಕುಗ್ಗಿ ಹೀರುವ ಬಲ ಹುಟ್ಟುತ್ತದೆ. ಅದೇ ಹೊತ್ತಿಗೆ ಕೆಳಗೆ ನುಗ್ಗಿದ ಗಾಳಿ ಹೊಟ್ಟೆಯ ಕಡೆಯಿಂದ ಮೇಲಕ್ಕೆ ಒತ್ತುತ್ತದೆ. ಮೇಲಿನಿಂದ ಎಳೆತ, ಕೆಳಗಿನಿಂದ ತಳ್ಳು. ಎರಡೂ ಒಂದೇ ದಿಕ್ಕಿಗೆ. ಮಾಡಿನ ಕೆಳಗೆ ಏನೂ ಇಲ್ಲದಿದ್ದರೆ ಒಳಹೊಕ್ಕ ಗಾಳಿ ಹೊರಗೆ ಹರಿದು ಹೋದೀತು. ಹುಲ್ಲಿನ ರಾಶಿಯೋ ದ್ರಾಕ್ಷಿಯ ಅಟ್ಟವೋ ದಾರಿಗೆ ಅಡ್ಡವಾದರೆ, ಹೋಗಲು ಎಡೆಯಿಲ್ಲದೆ ಕೆಳಗಿನ ಒತ್ತಡ ಏರುತ್ತದೆ.

ಈ ಮಾತನ್ನು ಅಂಕಿಯಲ್ಲಿ ಹೇಳುವ ಪುಸ್ತಕ ನಮ್ಮ ದೇಶದಲ್ಲಿದೆ. ಭಾರತೀಯ ಮಾನಕ 875ರ ಮೂರನೆಯ ಭಾಗ. 1987ರಲ್ಲಿ ಹೊರಬಂದು 2015ರಲ್ಲಿ ಪರಿಷ್ಕೃತವಾಯಿತು. ಅದು ದೇಶವನ್ನು ಗಾಳಿಯ ವೇಗಕ್ಕನುಸಾರ ಆರು ಪಟ್ಟಿಗಳಾಗಿ ಹಂಚುತ್ತದೆ: ಸೆಕೆಂಡಿಗೆ 33, 39, 44, 47, 50 ಮತ್ತು 55 ಮೀಟರು. ಬೆಂಗಳೂರು, ಮೈಸೂರು 33ರಲ್ಲಿ, ಮುಂಬಯಿ 44ರಲ್ಲಿ, ಮದ್ರಾಸು 50ರಲ್ಲಿ. ಉತ್ತರದ ಮಂಗಳೂರು, ದಕ್ಷಿಣದ ಕೋಝಿಕ್ಕೋಡು ಎರಡೂ 39ರಲ್ಲಿ ಇರುವುದರಿಂದ ನಡುವಿನ ನಾವೂ 39ರವರೇ. ಜತ್ತ ಸೀಮೆಯೂ 39ರ ಪಟ್ಟಿಯಲ್ಲೇ ಬರುತ್ತದೆ. ಗಂಟೆಗೆ ಹೇಳುವುದಾದರೆ 140 ಕಿಲೋಮೀಟರು. ಇದು ದಿನವೂ ಬೀಸುವ ಗಾಳಿಯಲ್ಲ; ನೆಲದಿಂದ 10 ಮೀಟರು ಎತ್ತರದಲ್ಲಿ ಮೂರು ಸೆಕೆಂಡು ಹೊಡೆಯುವ ರಭಸ, ಸರಾಸರಿ 50 ವರ್ಷಕ್ಕೊಮ್ಮೆ ಬರಬಹುದಾದದ್ದು. 50 ವರ್ಷವೆಂದರೆ ನಾಳೆ ಬರುವುದಿಲ್ಲ ಎಂದರ್ಥವಲ್ಲ.

ಒಂದು ಮಾಡಿನ ಲೆಕ್ಕ

ವಳಸಂಗದ ಬಯಲಿನಲ್ಲಿ 6 ಮೀಟರು ಅಗಲ, 12 ಮೀಟರು ಉದ್ದ, 4 ಮೀಟರು ಎತ್ತರದ ಒಂದು ಮಾಡು ಕಟ್ಟುವುದಾಗಿ ಇಟ್ಟುಕೊಳ್ಳೋಣ. ಒಂದೇ ಕಡೆಗೆ ಇಳಿಜಾರು, ಅದು 10 ಡಿಗ್ರಿ. ಹತ್ತು ಕಂಬ. ಮಾಡಿನ ವಿಸ್ತೀರ್ಣ 72 ಚದರ ಮೀಟರು.

ಮೂಲವೇಗ 39. ಇದನ್ನು ಕೆಲವು ಗುಣಕಗಳಿಂದ ತಿದ್ದಬೇಕು: ಕಟ್ಟಡದ ಮಹತ್ವ ಮತ್ತು ಆಯುಷ್ಯಕ್ಕೊಂದು, ನೆಲದ ಬಗೆ ಮತ್ತು ಎತ್ತರಕ್ಕೊಂದು, ಗುಡ್ಡದ ಏರಿಗೊಂದು, ಚಂಡಮಾರುತದ ಕರಾವಳಿಗೊಂದು. ಜನವಾಸವಿಲ್ಲದ ಬೇಸಾಯದ ಕಟ್ಟಡಕ್ಕೆ 25 ವರ್ಷದ ಆಯುಷ್ಯ ಹಿಡಿದು ಮೊದಲ ಗುಣಕ 0.92. ಅಲ್ಲಲ್ಲಿ ಗಿಡಮರಗಳಿರುವ ಸಮತಟ್ಟಾದ ಬಯಲಾದ್ದರಿಂದ ಉಳಿದವು 1. ವೇಗ ಸುಮಾರು 36ಕ್ಕೆ ಬಂತು. ವೇಗವನ್ನು ವೇಗದಿಂದಲೇ ಗುಣಿಸಿ ಮತ್ತೆ 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಎಷ್ಟು ನ್ಯೂಟನು ಒತ್ತಡ ಎಂಬುದು ಬರುತ್ತದೆ. ಕಿಲೋದಲ್ಲಿ ಹೇಳಿದರೆ ಸುಮಾರು 79. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು ಎಂಬುದನ್ನು ಮರೆಯಬಾರದು. ಸೂಕ್ಷ್ಮ ತಿದ್ದುಪಡಿಗಳು ಇನ್ನೂ ಕೆಲವಿವೆ. ಅವನ್ನು ಎಂಜಿನಿಯರರಿಗೆ ಬಿಡೋಣ.

ಈಗ ಮುಖ್ಯ ಮಾತು. ಗೋಡೆಯಿಲ್ಲದ ಮಾಡುಗಳಿಗೆಂದೇ ಆ ಪುಸ್ತಕದಲ್ಲಿ ಬೇರೆ ಕೋಷ್ಟಕಗಳಿವೆ. 10 ಡಿಗ್ರಿಯ ಒಂದಿಳಿಜಾರಿನ ಮಾಡಿಗೆ ಕೆಳಮುಖದ ಗುಣಕ 0.5. ಮೇಲ್ಮುಖದ ಗುಣಕ, ಮಾಡಿನ ಕೆಳಗೆ ಖಾಲಿಯಿದ್ದರೆ 0.9; ಪೂರ್ತಿ ತುಂಬಿದ್ದರೆ 1.3. ತುಂಬಿದೆಯೋ ಖಾಲಿಯೋ ಎಂಬುದನ್ನು ಅಳೆಯುವ ಕ್ರಮವೂ ಸರಳ: ಗಾಳಿಯ ದಿಕ್ಕಿಗೆ ಎದುರಾಗಿ ನಿಂತು ನೋಡಿದಾಗ ಮಾಡಿನ ಕೆಳಗಿನ ತೆರಪಿನಲ್ಲಿ ಎಷ್ಟು ಪಾಲು ಮುಚ್ಚಿದೆ ಎಂಬುದೇ ಅಳತೆ.

ಖಾಲಿ ಮಾಡಿನ ಮೇಲೆ ಎತ್ತುವ ಬಲ ಚದರ ಮೀಟರಿಗೆ 71 ಕಿಲೋ, ಒಟ್ಟು 5.1 ಟನ್ನು. ತುಂಬಿದ ಮಾಡಿನ ಮೇಲೆ ಚದರ ಮೀಟರಿಗೆ 102 ಕಿಲೋ, ಒಟ್ಟು 7.4 ಟನ್ನು. ಅದೇ ಗಾಳಿ, ಅದೇ ತಗಡು, ಅದೇ ಕಂಬ. ಕೆಳಗೆ ಸರಕು ಇಟ್ಟದ್ದರಿಂದ ಮಾತ್ರ ಎರಡು ಟನ್ನಿಗೂ ಮಿಕ್ಕಿ ಹೆಚ್ಚಿತು.

ಇದನ್ನು ಹಿಡಿದಿಡಲು ನಮ್ಮ ಕೈಯಲ್ಲಿ ಏನಿದೆ? ತಗಡು, ಪಟ್ಟಿ, ತೊಲೆ ಸೇರಿ ಚದರ ಮೀಟರಿಗೆ 15 ಕಿಲೋ ಹಿಡಿದರೂ ಒಟ್ಟು 1.1 ಟನ್ನು. ಉಳಿದ 6.3 ಟನ್ನನ್ನು ಹತ್ತು ಕಂಬಗಳ ಬುಡ ಹಿಡಿಯಬೇಕು. ಸರಾಸರಿ ಕಂಬಕ್ಕೆ 630 ಕಿಲೋ. ಎರಡಡಿ ಉದ್ದ, ಎರಡಡಿ ಅಗಲ, ಎರಡೂವರೆ ಅಡಿ ಆಳದ ಗುಂಡಿಗೆ ಕಾಂಕ್ರೀಟು ತುಂಬಿದರೆ ಅದರ ತೂಕ ಸುಮಾರು 650 ಕಿಲೋ. ಅಂದರೆ ಸರಿಸಮ, ಭದ್ರತೆಗೆಂದು ಉಳಿದದ್ದು ಏನೂ ಇಲ್ಲ. ನಿಯಮದಂತೆ ಗಾಳಿಯ ಬಲವನ್ನು ಒಂದೂವರೆ ಪಟ್ಟು ಮಾಡಿ, ಮಾಡಿನ ಭಾರದಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಮಾತ್ರ ನಂಬಿ ಲೆಕ್ಕ ಹಾಕಿದರೆ ಕಂಬವೊಂದಕ್ಕೆ ಒಂದು ಟನ್ನಾಗುತ್ತದೆ. ಒಂದಡಿ ಗುಂಡಿ ತೋಡಿ ಕಲ್ಲು ಜಡಿದು ನಿಲ್ಲಿಸಿದ ಕಂಬಗಳನ್ನು ಕಂಡವರು ಈ ಸಂಖ್ಯೆಯನ್ನು ಒಮ್ಮೆ ನೆನೆಯಬೇಕು.

'ಹಣ್ಣಿನ ಭಾರವೇ ಮಾಡನ್ನು ಹಿಡಿದಿಡುತ್ತದಲ್ಲ' ಎಂದು ಯಾರಾದರೂ ಕೇಳಿಯಾರು. ಅಟ್ಟವನ್ನು ಅದೇ ಕಂಬಗಳಿಗೆ ಕಟ್ಟಿದ್ದರೆ ಮೊದಲ ದಿನ ಹೌದು. ಆದರೆ ಹಣ್ಣು ಒಣಗುತ್ತ ಹೋದಂತೆ ನಾಲ್ಕರಲ್ಲಿ ಮೂರು ಪಾಲು ಭಾರ ಆವಿಯಾಗಿ ಹೋಗುತ್ತದೆ. ಬಲೆ, ಪರದೆ, ಅಟ್ಟಗಳ ತಡೆ ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಹೀಗಾಗಿ ಸರಕಿಗೆ ಬೆಲೆ ಬಂದು ಮಾರುಕಟ್ಟೆಗೆ ಸಾಗಿಸುವ ದಿನ ಹತ್ತಿರವಾದಾಗಲೇ ಮಾಡಿನ ಹಿಡಿತ ಎಲ್ಲಕ್ಕಿಂತ ಸಡಿಲ. ಬಿರುಮಳೆಯ ಕಾಲವೂ ಅದೇ.

ಯಂತ್ರ ಏನು ಹೇಳುತ್ತದೆ?

ಹಿಂದೆ ಈ ಲೆಕ್ಕಗಳನ್ನು ಕಾಗದ, ಪೆನ್ಸಿಲು, ಜಾರುಪಟ್ಟಿ ಹಿಡಿದು ಮಾಡುತ್ತಿದ್ದರು. ಇಂದು ಗಣಕಯಂತ್ರದ ತಂತ್ರಾಂಶಗಳು ಬಂದಿವೆ. ನಮ್ಮ ದೇಶದ ಎಂಜಿನಿಯರುಗಳ ಕಚೇರಿಗಳಲ್ಲಿ ಬಹಳ ಬಳಕೆಯಲ್ಲಿರುವ ಒಂದು ತಂತ್ರಾಂಶ ಸ್ಟಾಡ್ ಪ್ರೊ. ಕಂಬ ಎಲ್ಲಿ, ತೊಲೆ ಎಲ್ಲಿ, ಕಬ್ಬಿಣದ ಅಡ್ಡಳತೆ ಎಷ್ಟು, ಎಲ್ಲಿ ಎಷ್ಟು ಭಾರ ಎಂದು ತಿಳಿಸಿದರೆ ಪ್ರತಿ ತುಂಡಿನ ಬಾಗು, ಎಳೆತ, ಒತ್ತುಗಳನ್ನು ಕ್ಷಣದಲ್ಲಿ ಕೊಡುತ್ತದೆ. ನೂರು ತುಂಡುಗಳ ಚೌಕಟ್ಟಿಗೆ ಕೈಲೆಕ್ಕ ದಿನಗಟ್ಟಲೆ ಹಿಡಿದೀತು. ಯಂತ್ರದ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಯಂತ್ರಕ್ಕೆ ಕಣ್ಣಿಲ್ಲ. ಆ ತಂತ್ರಾಂಶದಲ್ಲಿ ಗಾಳಿಯ ಭಾರವನ್ನು ತಾನಾಗಿ ಹಂಚುವ ಒಂದು ಆದೇಶವಿದೆ. ನಾವು ಬೇರೆ ಏನೂ ಹೇಳದಿದ್ದರೆ, ಕಂಬ ಮತ್ತು ತೊಲೆಗಳ ನಡುವಿನ ಪ್ರತಿಯೊಂದು ಚೌಕವನ್ನೂ ಅದು ಗೋಡೆ ಮುಚ್ಚಿದೆ ಎಂದೇ ಎಣಿಸಿ ಗಾಳಿಯನ್ನು ಕಂಬಗಳ ಮೇಲೆ ಅಡ್ಡಕ್ಕೆ ಹೇರುತ್ತದೆ. ಇಲ್ಲದ ಗೋಡೆಗೆ ಲೆಕ್ಕ ಹಾಕಿ, ದಪ್ಪ ಕಂಬ ಬೇಕು ಎನ್ನುತ್ತದೆ. 'ಓಪನ್' ಎಂಬ ಒಂದು ಮಾತನ್ನು ಆದೇಶಕ್ಕೆ ಸೇರಿಸಿದರೆ ಗೋಡೆಗಳು ಮಾಯವಾಗಿ, ಗಾಳಿ ಕಂಬ ತೊಲೆಗಳ ಮೈಗೆ ಮಾತ್ರ ತಾಗುತ್ತದೆ. ಆಗ ಭಾರ ತೀರ ಕಡಿಮೆಯಾಗಿ ಎಲ್ಲವೂ ಭದ್ರವೆಂದು ಕಾಣುತ್ತದೆ.

ಈ ಎರಡು ಉತ್ತರಗಳೂ ನಮ್ಮ ಮಾಡಿಗೆ ಸಲ್ಲವು. ಏಕೆಂದರೆ ಆ ಆದೇಶ ಹೇರುವುದು ಅಡ್ಡಗಾಳಿಯನ್ನು. ತಗಡನ್ನು ಮೇಲಕ್ಕೆತ್ತುವ 7.4 ಟನ್ನು ಎರಡರಲ್ಲಿಯೂ ಇಲ್ಲ. ಅದನ್ನು ಕೋಷ್ಟಕ ನೋಡಿ, ಪಟ್ಟಿಗಳ ಮೇಲೆ ಮಾಡಿಗೆ ಲಂಬವಾಗಿ ಎಂಜಿನಿಯರರೇ ಕೈಯಾರೆ ಕೊಡಬೇಕು. ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ, ಖಾಲಿ ಮಾಡಿಗೊಮ್ಮೆ, ತುಂಬಿದ ಮಾಡಿಗೊಮ್ಮೆ. ಕಂಬದ ಬುಡವನ್ನು 'ಸ್ಥಿರ' ಎಂದು ಬರೆದರೆ ಅದು ನೆಲದಿಂದ ಎಂದೂ ಕಿತ್ತು ಬಾರದು ಎಂದೇ ಯಂತ್ರ ನಂಬುತ್ತದೆ. ಬುಡ ಎಷ್ಟು ಎಳೆತ ತಡೆಯಬೇಕೆಂಬ ಸಂಖ್ಯೆಯನ್ನು ಕೊಟ್ಟು ಸುಮ್ಮನಾಗುತ್ತದೆ. ಆ ಸಂಖ್ಯೆಯನ್ನು ಓದಿ ಗುಂಡಿಯ ಆಳ ನಿಶ್ಚಯಿಸುವುದು ಮನುಷ್ಯನ ಕೆಲಸ. ಯಂತ್ರ ಸರಿಯಾಗಿ ಹೇಳಿತೇ ಎಂದು ನೋಡಲು ಒಂದು ಸುಲಭ ಪರೀಕ್ಷೆಯಿದೆ: ಎಲ್ಲ ಬುಡಗಳ ಎಳೆತವನ್ನು ಕೂಡಿದರೆ ಮೇಲೆ ನಾವು ಕೈಯಲ್ಲಿ ತೆಗೆದ ಮೊತ್ತಕ್ಕೆ ಹತ್ತಿರ ಬರಬೇಕು. ಬಾರದಿದ್ದರೆ ಎಲ್ಲೋ ತಪ್ಪಿದೆ.

ಯಂತ್ರಕ್ಕೂ ಎಂಜಿನಿಯರರಿಗೂ ಗೊತ್ತಿಲ್ಲದ ಒಂದು ಸಂಗತಿ ಮಾತ್ರ ಉಳಿಯುತ್ತದೆ: ಮಾಡಿನ ಕೆಳಗೆ ಏನಿಡುತ್ತೀರಿ? ಪರದೆ ಯಾವ ಬದಿಗೆ ಕಟ್ಟುತ್ತೀರಿ? ಬಿರುಗಾಳಿ ಬರುವುದು ಯಾವ ದಿಕ್ಕಿನಿಂದ? ಇದು ಗೊತ್ತಿರುವುದು ಮನೆಯ ಯಜಮಾನನಿಗೆ, ಅದಕ್ಕಿಂತ ಚೆನ್ನಾಗಿ ಯಜಮಾನಿತಿಗೆ. 0.9ರ ಬದಲು 1.3 ಬರೆಯಬೇಕೆಂಬುದು ಅವರ ಬಾಯಿಂದ ಹೊರಡಬೇಕಾದ ಮಾತು. ಪುಸ್ತಕ ಇಂಗ್ಲಿಷಿನಲ್ಲಿದೆ, ತಂತ್ರಾಂಶ ಇಂಗ್ಲಿಷಿನಲ್ಲಿದೆ, ಕಚೇರಿಯ ಅರ್ಜಿ ಅಲ್ಲಿ ಮರಾಠಿಯಲ್ಲಿ, ಇಲ್ಲಿ ಮಲಯಾಳದಲ್ಲಿ. ಕನ್ನಡದ ಮನೆಯಲ್ಲಿರುವ ಆ ಒಂದು ಸಂಗತಿ ಇಷ್ಟು ಬಾಗಿಲುಗಳನ್ನು ದಾಟಿ ಯಂತ್ರವನ್ನು ಮುಟ್ಟುವುದು ಹೇಗೆ? ಭಾಷೆಯ ಪ್ರಶ್ನೆ ಶಾಲೆಗೂ ನಾಮಫಲಕಕ್ಕೂ ಮುಗಿಯಿತೆಂದು ತಿಳಿದವರು ಇದನ್ನು ಯೋಚಿಸಬೇಕು. ಅದು ಮನೆಯ ಮಾಡಿನವರೆಗೂ ಬಂದಿದೆ.

ನಮ್ಮ ಅಂಗಳದಲ್ಲಿ

ಇಷ್ಟೆಲ್ಲ ಜತ್ತದ ಮಾತಾಯಿತೆಂದು ಓದುಗರು ಪುಟ ಮಗುಚಬಾರದು. ಅಡಿಕೆ ಒಣಗಿಸುವ ಮಾಡು, ದೇವಸ್ಥಾನದ ಮುಂದಿನ ತಗಡಿನ ಚಪ್ಪರ, ಶಾಲೆಯ ಊಟದ ಸಾಲೆ, ಕಟ್ಟಿಗೆಯ ಕೊಟ್ಟಿಗೆ, ಎಲ್ಲವೂ ನಮ್ಮಲ್ಲಿವೆ. ವೇಗವೂ ಅದೇ 39. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ಬೇಸಾಯದ ಮಾಡಿಗೆ 0.92 ಸಾಕು, ಜನ ಸೇರುವ ಮಾಡಿಗೆ ಅದು ಸಲ್ಲದು, 1 ಹಿಡಿಯಬೇಕು. ಆಗ ಒತ್ತಡ 79ರಿಂದ 93 ಕಿಲೋಗೆ ಏರುತ್ತದೆ. ತಾತ್ಕಾಲಿಕ ಚಪ್ಪರವೆಂದು ಐದು ವರ್ಷದ ಆಯುಷ್ಯದ ಗುಣಕ 0.76 ಹಿಡಿದರೆ 54ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಇಳಿಯಿತೇ ಹೊರತು ಗಾಳಿ ಇಳಿಯಲಿಲ್ಲ.

ಪತ್ತನಾಜೆಗೆ ಮೊದಲಿನ ದಿನಗಳಲ್ಲಿ ಜಾತ್ರೆ, ಕೋಲ, ಬಯಲಾಟ, ಮದುವೆ ಎಂದು ನಮ್ಮ ಜನ ಚಪ್ಪರದ ಕೆಳಗೇ ಇರುತ್ತಾರೆ, ಗುಡುಗುಮಳೆಯೂ ಆಗಲೇ. 2019ರ ಜೂನ್ 23ರಂದು ರಾಜಸ್ಥಾನದ ಬಾಡಮೇರ ಜಿಲ್ಲೆಯ ಜಸೋಲದಲ್ಲಿ ರಾಮಕಥೆ ಕೇಳುತ್ತ ಕುಳಿತವರ ಮೇಲೆ ಬಿರುಗಾಳಿಗೆ ಎದ್ದ ಚಪ್ಪರ ಬಿದ್ದು ಹತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. 2024ರ ಮೇ 13ರಂದು ಮುಂಬಯಿಯ ಘಾಟ್‌ಕೋಪರದಲ್ಲಿ ಮಳೆಗಾಲಕ್ಕೆ ಮುಂಚಿನ ಬಿರುಗಾಳಿಗೆ ದೈತ್ಯ ಜಾಹೀರಾತು ಫಲಕವೊಂದು ಪೆಟ್ರೋಲು ಬಂಕಿನ ಮೇಲೆ ಉರುಳಿ 17 ಮಂದಿ ಸತ್ತರು. ಒಂದು ಚಪ್ಪರ, ಇನ್ನೊಂದು ಫಲಕ. ಎರಡಕ್ಕೂ ಪೆಟ್ಟು ಕೊಟ್ಟದ್ದು ಕೆಲವೇ ಕ್ಷಣಗಳ ರಭಸ.

ಆದುದರಿಂದ ಮಾಡು ಕಟ್ಟಿಸುವ ಮನೆಯವರು ಎಂಜಿನಿಯರರನ್ನೋ ಬೆಸುಗೆಯವನನ್ನೋ ಕರೆಸಿದಾಗ ಕನ್ನಡದಲ್ಲಿಯೇ ಕೆಲವು ಮಾತು ಕೇಳಲಿ ಎಂದು ನಮ್ಮ ಸೂಚನೆ. ಒಂದು, ಗಾಳಿ ಈ ಮಾಡನ್ನು ಮೇಲಕ್ಕೆತ್ತುವ ಬಲ ಒಟ್ಟು ಎಷ್ಟು? ಅಡ್ಡಗಾಳಿಯನ್ನು ಮಾತ್ರ ಹೇಳಿದರೆ ಸಾಲದು. ಎರಡು, ಕೆಳಗೆ ಸರಕು ತುಂಬಿದಾಗ ಎಷ್ಟು? ಮೂರು, ಒಂದು ಕಂಬದ ಬುಡ ಎಷ್ಟು ಎಳೆತ ತಡೆಯುತ್ತದೆ, ಗುಂಡಿಯ ಕಾಂಕ್ರೀಟಿನ ತೂಕ ಎಷ್ಟು? ನಾಲ್ಕು, ಅಂಚು ಮತ್ತು ಮೂಲೆಗಳಲ್ಲಿ ಹೀರುವ ಬಲ ಸರಾಸರಿಗಿಂತ ಹೆಚ್ಚು. ಅಲ್ಲಿ ತಿರುಪುಗಳನ್ನು ಹತ್ತಿರ ಹತ್ತಿರ ಹಾಕಿದ್ದೀರಾ? ಐದು, ಕಂಬಗಳ ನಡುವೆ ಓರೆಕಟ್ಟು ಎಲ್ಲಿದೆ? ತಗಡು ತಿರುಪಿಗೆ, ತಿರುಪು ಪಟ್ಟಿಗೆ, ಪಟ್ಟಿ ತೊಲೆಗೆ, ತೊಲೆ ಕಂಬಕ್ಕೆ, ಕಂಬ ನೆಲಕ್ಕೆ. ಈ ಸರಪಳಿಯಲ್ಲಿ ಒಂದು ಕೊಂಡಿ ಬಿಟ್ಟರೂ ಉಳಿದ ಖರ್ಚು ವ್ಯರ್ಥ.

ನಮ್ಮ ಮನೆಗಳಿಂದ ಎಂಜಿನಿಯರಿಂಗು ಕಲಿಯಲು ಹೋದ ಹುಡುಗ ಹುಡುಗಿಯರು ಈಗ ಕಡಿಮೆಯೇನಲ್ಲ. ಅವರು ರಜೆಯಲ್ಲಿ ಊರಿಗೆ ಬಂದಾಗ ಅಡಿಕೆಯ ಮಾಡಿನ ಕೆಳಗೆ ನಿಂತು, ಈ ಲೆಕ್ಕವನ್ನು ಅಜ್ಜನಿಗೆ ಅರ್ಥವಾಗುವ ಕನ್ನಡದಲ್ಲಿ ಒಮ್ಮೆ ಹೇಳಿ ನೋಡಲಿ. ಅಜ್ಜನೂ ಗಾಳಿ ಯಾವ ಮೂಲೆಯಿಂದ ಏಳುತ್ತದೆಂದು ಅವರಿಗೆ ಹೇಳಲಿ. ಆ ಎರಡು ಮಾತು ಸೇರಿದ ಮೇಲೆ ಯಂತ್ರದ ಮುಂದೆ ಕುಳಿತರೆ ಅದು ಕೊಡುವ ಉತ್ತರ ನಂಬಲು ಯೋಗ್ಯವಾದೀತು. ವಳಸಂಗದ ಮನೆಗೂ ನಮ್ಮ ಮನೆಗೂ ಇದೇ ಮಾತು. ಈ ವರ್ಷದ ಗುಡುಗು ಕೇಳಿಸುವ ಮೊದಲು ಕಂಬದ ಬುಡದ ಮಣ್ಣನ್ನು ಸ್ವಲ್ಪ ಕೆದಕಿ, ಕೆಳಗೆ ಏನಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು.